ನಿಂತ ಗಾಡಿಯ ತಕರಾರು

ನಮ್ಮೂರಿಗೆ ಹೊಸದಾಗಿ ಬಂದವರಿಗೆ ಯಾರಾದರೂ ಮೊದಲು ಹೇಳುವ ಮಾತು, ಹ್ಯಾಂಡ್‌ಬ್ರೇಕ್ ಹಾಕಬೇಡಿ ಅಂತ. ಗಾಡಿ ನಿಲ್ಲಿಸಿದರೆ ಗೇರು ತೆಗೆದು, ಬ್ರೇಕು ಬಿಟ್ಟು, ಚಕ್ರಕ್ಕೊಂದು ಕಲ್ಲು ಕೊಟ್ಟು ಹೋಗಬೇಕು. ಹಾದುಹೋಗುವವರು ಕಲ್ಲು ತೆಗೆದು, ಗಾಡಿಯನ್ನು ಒಂದು ಮಾರು ಮುಂದಕ್ಕೆ ತಳ್ಳಿ, ಮತ್ತೆ ಕಲ್ಲು ಕೊಟ್ಟು ತಮ್ಮ ದಾರಿ ಹಿಡಿಯುತ್ತಾರೆ. ಇದಕ್ಕೆ ಯಾರೂ ಯಾರಿಗೂ ಉಪಕಾರ ಹೇಳುವುದಿಲ್ಲ. ಒಂದೇ ಜಾಗದಲ್ಲಿ ಎಂಟು ಹತ್ತು ರಾತ್ರಿ ಕಳೆದ ವಸ್ತು ನಮ್ಮಲ್ಲಿ ಬೇರು ಬಿಡುತ್ತದೆ. ಆಮೇಲೆ ಚಿಗುರುತ್ತದೆ. ಚಿಗುರಿದ ಮೇಲೆ ಅದು ಮರ, ಮತ್ತೇನಲ್ಲ. ಹಾಗಾಗಿ ಮಲಗುವ ಮುಂಚೆ ದೇವರಿಗೆ ಕೈಮುಗಿದು, ಬೀರು ಸರಿಸಿ, ಮಂಚ ತಿರುಗಿಸಿ ದೀಪ ಆರಿಸುವುದು ನಮ್ಮ ರೂಢಿ. ಮನೆಗಳೇಕೆ ಚಿಗುರುವುದಿಲ್ಲ ಎಂದು ಹೊರಗಿನವರು ಬುದ್ಧಿವಂತರಂತೆ ಕೇಳುತ್ತಾರೆ. ಮನೆಗಳಿಗೆ ತಳಪಾಯ ಇದೆಯಲ್ಲ, ಇನ್ನು ಬೇರು ಯಾಕೆ ಬೇಕು?

ನಮ್ಮ ಬಸ್‌ಸ್ಟ್ಯಾಂಡಿನ ಹಲಸಿನ ಮರ ನನ್ನ ಅಜ್ಜನ ಕಾಲದಲ್ಲಿ ಲಾರಿಯಾಗಿತ್ತು. ಅದರ ತೊಳೆಯಿಂದ ಈಗಲೂ ಸ್ವಲ್ಪ ಡೀಸೆಲ್ ವಾಸನೆ ಬರುತ್ತದೆ, ಆದರೂ ಜನ ಬಿಡುವುದಿಲ್ಲ. ಗಾಡಿ ನಿನ್ನದು, ಮರ ಊರಿನದು ಅನ್ನುವುದು ಪುರಸಭೆಯ ಮಾತು. ಮಾತು ಚೆನ್ನಾಗಿಯೇ ಇದೆ, ಗಾಡಿ ಬೇರೆಯವರದ್ದಾದರೆ.

ನಾನು ಹಾಲಪ್ಪ. ಆಟೋ ಓಡಿಸುತ್ತೇನೆ. ಓಡಿಸುತ್ತಿದ್ದೆ ಅನ್ನಬೇಕೋ ಏನೋ. ಬೆಳಿಗ್ಗೆ ಎರಡು ಸಲ ಸ್ಕೂಲ್ ಮಕ್ಕಳು, ಮಧ್ಯಾಹ್ನ ಸಂತೆ ಸಾಮಾನು, ಸಂಜೆ ಸಿಕ್ಕಿದವರು. ನನಗೂ ನನ್ನ ಹೆಂಡತಿ ಸಿದ್ದಮ್ಮನಿಗೂ ಆ ಆಟೋ ಬಿಟ್ಟರೆ ಇನ್ನೊಂದು ಆಧಾರವಿಲ್ಲ. ನಮ್ಮ ಓಣಿ ಆಟೋ ನುಗ್ಗದಷ್ಟು ಇಕ್ಕಟ್ಟು. ಹಾಗಾಗಿ ಅದನ್ನು ಗಿರಣಿ ಬೀದಿಯಲ್ಲಿ, ಮುರಿಗೆಪ್ಪಣ್ಣನ ಮನೆ ಹತ್ತಿರ ಬಿಡುತ್ತಿದ್ದೆ. ಬೀದಿ ಸಮತಟ್ಟು, ಜನ ಒಳ್ಳೆಯವರು, ತಳ್ಳುವ ಕೈಗಳಿಗೆ ಬರವಿಲ್ಲ.

ಕಳೆದ ಬೇಸಿಗೆ ನನಗೆ ಕಾಮಾಲೆ ಬಂತು. ಕಣ್ಣು ಅರಿಶಿನವಾಗಿ, ಅನ್ನ ಕಂಡರೆ ವಾಕರಿಕೆ. ಸಿದ್ದಮ್ಮ ನನ್ನನ್ನು ಪಕ್ಕದೂರಿನ ಪಂಡಿತರ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಪಥ್ಯ ಮುಗಿಯುವವರೆಗೆ ಅವಳ ತಂಗಿಯ ಮನೆಯಲ್ಲಿ ಬಿದ್ದುಕೊಂಡಿದ್ದೆ. ಆಟೋದ ಚಿಂತೆಯನ್ನೇ ಮಾಡಲಿಲ್ಲ. ಬೀದಿಯಲ್ಲಿ ಬಿಟ್ಟ ಗಾಡಿ ಬೀದಿಯ ಮಗು ಇದ್ದಂತೆ, ಯಾರಾದರೂ ಎತ್ತಿ ಆಡಿಸುತ್ತಾರೆ ಅಂದುಕೊಂಡೆ.

ವಾಪಸು ಬಂದು ನೋಡಿದರೆ ಮುಂದಿನ ಗಾಜಿಗೆ, ಬೇರು ಬಿಟ್ಟಿದೆ ಅನ್ನುವ ಪುರಸಭೆಯ ಚೀಟಿ ಅಂಟಿಸಿದ್ದರು. ಹಿಂದಿನ ಎಡಚಕ್ರದಿಂದ ಬೆರಳು ಗಾತ್ರದ ಬಿಳಿ ಬೇರೊಂದು ಮಣ್ಣಿಗಿಳಿದಿತ್ತು. ಸೀಟಿನ ಹಿಂದಿನ ಕಂಬಿಯಲ್ಲಿ ಹಸಿರು ಮೊಗ್ಗು.

ಚೀಟಿ ಅಂಟಿಸಿದವನು ಪುರಸಭೆಯ ಓಬಳೇಶ. ಅವನ ಕೆಲಸವೇ ಅದು. ನಸುಕಿನಲ್ಲೇ ಎದ್ದು, ನಿಂತ ಗಾಡಿಗಳ ಚಕ್ರದ ಬುಡಕ್ಕೆ ಕೆಮ್ಮಣ್ಣಿನ ಗೆರೆ ಎಳೆಯುತ್ತಾನೆ. ಮರುದಿನ ನಸುಕಿಗೆ ಬಂದು ಚಕ್ರ ಗೆರೆಯ ಮೇಲೇ ಇದೆಯಾ ನೋಡುತ್ತಾನೆ. ಅವನನ್ನು ಹುಡುಕಿಕೊಂಡು ಹೋಗಿ ಬಾಯಿಗೆ ಬಂದಂತೆ ಬೈದೆ. ಪಾಪ, ತಲೆ ತಗ್ಗಿಸಿ ಕೇಳಿಸಿಕೊಂಡ.

“ದಿನಾ ಗೆರೆ ಮೇಲೇ ಇತ್ತು ಹಾಲಪ್ಪಣ್ಣ. ನಾನೇನು ಮಾಡ್ಲಿ? ಎಲೆ ಬಿಚ್ಚೋದ್ರೊಳಗೆ ತಕರಾರು ಹಾಕು. ಗುರುವಾರ ಸಭೆ ಐತೆ.”

“ತಕರಾರಿಗೆ ಏನು ಬೇಕು?”

“ಗಾಡಿ ಕದಲಿಸಿದೋರು ಇಬ್ರು. ಸ್ವಂತ ಕೈಯಿಂದ ತಳ್ಳಿರ್ಬೇಕು, ಒಬ್ರ ಎದುರಿಗೆ ಒಬ್ರು ನಿಂತು ಹೇಳ್ಬೇಕು. ಇಬ್ರ ಮಾತೂ ಕೂಡಿದ್ರೆ ಬೇರು ಬಂದಿದ್ರೂ ಮಾಫಿ. ಪುರಸಭೆ ತೋಟದೋರು ಬಂದು ನೋವಾಗ್ದಂಗೆ ಬಿಡಿಸಿ ಕೊಡ್ತಾರೆ. ಕೂಡ್ಲಿಲ್ಲ ಅಂದ್ರೆ ಮರ ಅಂತ ಬರ್ಕೊಂತಾರೆ.”

ಗಿರಣಿ ಬೀದಿಯ ಒಂದೊಂದು ಬಾಗಿಲೂ ತಟ್ಟಿದೆ. ಎಲ್ಲರದೂ ಒಂದೇ ರಾಗ. ಮುರಿಗೆಪ್ಪಣ್ಣ ದಿನಾ ತಳ್ಳೋದು ನೋಡ್ತಿದ್ವಲ್ಲ, ಅದಕ್ಕೇ ನಾವು ಕೈ ಹಾಕಲಿಲ್ಲ ಅಂದರು. ಎದುರುಮನೆಯ ಮುದುಕಿಯೊಬ್ಬಳು ಮಾತ್ರ, ಸಂಜೆ ಹೊನ್ನಮ್ಮನೂ ತಳ್ಳುತ್ತಿದ್ದಳಪ್ಪ ಅಂದಳು. ನನಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ಅರ್ಧ ಜೀವ ಮತ್ತೆ ಹೋಯಿತು. ಯಾಕೆಂದರೆ ಮುರಿಗೆಪ್ಪಣ್ಣನೂ ಹೊನ್ನಮ್ಮನೂ ಗಂಡಹೆಂಡಿರು. ಅವರಿಬ್ಬರು ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಅವರ ಜಗಳ ಊರಿಗೆಲ್ಲ ಗೊತ್ತು. ಹೊನ್ನಮ್ಮನ ತವರಿನಿಂದ ಬಂದ ಒಂದು ರುಬ್ಬುಗುಂಡಿತ್ತು. ಅವಳ ತಾಯಿ, ತಾಯಿಯ ತಾಯಿ ಎಲ್ಲ ಅದರಲ್ಲೇ ರುಬ್ಬಿದ್ದು. ಮಗಳ ಬಾಣಂತನಕ್ಕೆ ಹೋಗುವಾಗ, ದಿನಾ ರಾತ್ರಿ ಒಂದು ಗೇಣು ಸರಿಸಿ ಅಂತ ಗಂಡನಿಗೆ ನೂರು ಸಲ ಹೇಳಿ ಹೋಗಿದ್ದಳು. ಮುರಿಗೆಪ್ಪಣ್ಣ ತಮ್ಮ ಹಿಟ್ಟಿನ ಗಿರಣಿಯ ಗಲಾಟೆಯಲ್ಲಿ ಮರೆತರು. ಅವಳು ಬರುವಷ್ಟರಲ್ಲಿ ಹಿತ್ತಲಲ್ಲಿ ಸೀಬೆಗಿಡ ಎದ್ದು ನಿಂತಿತ್ತು. ಅವಳು ಕೂಗಾಡಲಿಲ್ಲ, ಅಳಲಿಲ್ಲ. ಮಾತು ನಿಲ್ಲಿಸಿದಳು. ಅವರಿಗೂ ಕ್ಷಮಿಸು ಅನ್ನಲು ಬಾಯಿ ಬರಲಿಲ್ಲ, ಹಮ್ಮಿನ ಮನುಷ್ಯ. ಆಮೇಲೆ ಅಡುಗೆ ಅವಳು ಮಾಡುತ್ತಿದ್ದಳು, ಅವರು ಉಣ್ಣುತ್ತಿದ್ದರು, ಮಾತೆಲ್ಲ ಮೂರನೆಯವರ ಮೂಲಕ. ನಾನು ಆಟೋ ಬಿಡಲು ಹೋದಾಗ ಎಷ್ಟು ಸಲ ನನ್ನನ್ನು ಹಿಡಿದಿದ್ದಾರೋ! “ಹಾಲಪ್ಪ, ಉಪ್ಪು ಮುಗಿದೈತೆ ಅಂತ ಅವರಿಗೆ ಹೇಳು” ಎಂದು ಅವಳು ಹೇಳುವಾಗ ಅವರು ಕೈಗೆ ಸಿಗುವಷ್ಟು ಹತ್ತಿರ ಕೂತಿರುತ್ತಿದ್ದರು.

ಮೊದಲು ಗಿರಣಿಗೆ ಹೋದೆ. ಮುರಿಗೆಪ್ಪಣ್ಣ ಹುಬ್ಬಿನ ತುಂಬ ಹಿಟ್ಟು ಮೆತ್ತಿಕೊಂಡು ಜೋಳ ಸುರಿಯುತ್ತಿದ್ದರು.

“ತಳ್ಳಿದ್ಯಾ ಅಣ್ಣ?”

“ತಳ್ಳದೆ ಏನು! ದಿನಾ ಬೆಳಿಗ್ಗೆ ಗಿರಣಿಗೆ ಬರೋವಾಗ ತಳ್ಳೇ ಬರ್ತಿದ್ದೆ. ಲೈಟ್ ಕಂಬದ ತನಕ.”

“ಸಭೆಗೆ ಬಂದು ಹೇಳ್ತೀಯಾ?”

“ಹೇಳ್ತೀನಿ ಬಿಡೋ. ನಿನ್ನ ಹೊಟ್ಟೆ ಮೇಲೆ ಹೊಡಿಯಾಕೆ ಬಿಡ್ತೀನಾ?”

ಅವರು ಗಿರಣಿಯಲ್ಲಿರುವಾಗಲೇ ಮನೆಗೆ ಓಡಿ ಹೊನ್ನಮ್ಮನನ್ನು ಕೇಳಿದೆ. ಅವಳು ಅಂಗಳದಲ್ಲಿ ಸಂಡಿಗೆ ಇಡುತ್ತಿದ್ದಳು.

“ನನ್ನ ಆಟೋ ತಳ್ಳಿದ್ರಂತೆ ಅಕ್ಕ?”

“ಹೂಂ, ದಿನಾ ಸಂಜೆ. ಯಾಕಪ್ಪ, ಏನಾಯ್ತು?”

ಸಭೆಗೆ ಬಂದು ಇಷ್ಟು ಹೇಳಿದರೆ ಸಾಕು ಅಂದೆ. ಬರುತ್ತೇನೆ ಅಂದಳು. ಇನ್ನೊಬ್ಬ ಸಾಕ್ಷಿ ಯಾರೆಂದು ಅವಳಿಗೂ ಹೇಳಲಿಲ್ಲ, ಅವರಿಗೂ ಹೇಳಲಿಲ್ಲ. ಹೇಳಿದರೆ ಇಬ್ಬರೂ ಹಿಂದೇಟು ಹಾಕಿಯಾರು ಅನ್ನುವ ಭಯ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು ಮನೆಗೆ ಬಂದೆ. ಯಾವ ಕಡೆಗೆ ತಳ್ಳಿದಿರಿ ಎಂದು ಹೊನ್ನಮ್ಮನನ್ನು ಕೇಳಲಿಲ್ಲ. ಊರಲ್ಲಿ ಯಾರೂ ಕೇಳುತ್ತಿರಲಿಲ್ಲ. ನಮ್ಮಲ್ಲಿ ತಳ್ಳುವುದು ಅಂದರೆ ಮುಂದಕ್ಕೆ. ನೀರು ಕುಡಿದೆ ಅಂದವರನ್ನು ಬಾಯಿಂದಲೋ ಮೂಗಿಂದಲೋ ಅಂತ ಕೇಳುತ್ತೇವೆಯೇ?

ಗುರುವಾರ ಬಂತು. ಪುರಸಭೆಯ ಸಭೆ ನೋಡಬೇಕಾದ್ದೇ. ಅಧ್ಯಕ್ಷೆ ನೀಲಮ್ಮನವರ ಕುರ್ಚಿ ಮೊದಲುಗೊಂಡು ಒಂದು ಕುರ್ಚಿಯೂ ಹೆಚ್ಚು ಹೊತ್ತು ಒಂದೆಡೆ ಇರಬಾರದು ಅಂತ ಹಿಂದೆ ಯಾರೋ ಅತಿಬುದ್ಧಿವಂತರು ಠರಾವು ಮಾಡಿದ್ದಾರೆ. ರಾತ್ರಿಯಾದರೆ ಸರಿ, ಹಗಲು ಯಾಕೆ ಅಂತ ಯಾರೂ ಕೇಳಿಲ್ಲ. ಜವಾನ ಗಂಟೆ ಬಾರಿಸಿದಾಗಲೆಲ್ಲ ಎಲ್ಲರೂ ಎದ್ದು, ಕುರ್ಚಿಯನ್ನು ಒಂದು ಗೇಣು ಪಕ್ಕಕ್ಕೆಳೆದು ಕೂರುತ್ತಾರೆ. ಬೆಳಿಗ್ಗೆ ಕಿಟಕಿಯ ಪಕ್ಕ ಶುರುವಾದ ಸಭೆ ಊಟದ ಹೊತ್ತಿಗೆ ಬಾಗಿಲಿಗೆ ಬಂದಿರುತ್ತದೆ.

ನನಗಿಂತ ಮುಂಚೆ ಒಬ್ಬ ಹಾಲಿನವನ ಸೈಕಲ್ಲಿನ ತಕರಾರಿತ್ತು. ಒಬ್ಬನೇ ಸಾಕ್ಷಿ. ಮರ ಅಂತ ಬರೆದುಕೊಂಡರು. ಅವನು ಕ್ಯಾನು ಎತ್ತಿಕೊಂಡು ನಡೆದುಹೋದ. ಅದನ್ನು ಕಂಡು ನಾನು ತಿರುಗಿ ನನ್ನ ಸಾಕ್ಷಿಗಳನ್ನು ಹುಡುಕಿದೆ. ಹಿಂದಿನ ಸಾಲಿನಲ್ಲಿ ಮುರಿಗೆಪ್ಪಣ್ಣ ಒಂದು ತುದಿಗೆ, ಹೊನ್ನಮ್ಮ ಇನ್ನೊಂದು ತುದಿಗೆ ಕೂತಿದ್ದರು. ಒಬ್ಬರನ್ನೊಬ್ಬರು ಕಂಡ ಮೇಲೆ ಇಬ್ಬರೂ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ಬೇಯಿಸಿದರೆ ಎರಡು ಊಟಕ್ಕೆ ಸಾರಾಗುತ್ತಿತ್ತು.

ನನ್ನ ಹೆಸರು ಕೂಗಿದರು. ಮುರಿಗೆಪ್ಪಣ್ಣ ಎದ್ದು ನಿಂತರು.

“ದಿನಾ ಬೆಳಿಗ್ಗೆ ತಳ್ಳಿದೀನಿ ಅಮ್ಮಾರೆ. ಮನೆ ಬಾಗಿಲಿಂದ ಲೈಟ್ ಕಂಬದ ತನಕ.”

“ಕಂಬದ ತನಕ?” ನೀಲಮ್ಮನವರು ಎಲೆ ಅಡಿಕೆಯನ್ನು ಬಾಯಿಯ ಆಚೆ ಬದಿಗೆ ತಳ್ಳಿದರು. “ಒಂದು ಮಾರು ತಳ್ಳಿದ್ರೆ ಸಾಲ್ದಾ? ಅಷ್ಟು ದೂರ ಯಾಕೆ? ವಯಸ್ಸಾದೋರು.”

ಮುರಿಗೆಪ್ಪಣ್ಣ ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು. “ಬಾಗಿಲ ಮುಂದೆ ಇದ್ರೆ ಅಂಗಳಕ್ಕೆ ನೆರಳು ಬೀಳ್ತಿತ್ತು. ಅಂಗಳದಾಗೆ ಸಂಡಿಗೆ ಹಾಕ್ತಾರೆ. ಬಿಸಿಲು ಬೀಳ್ದಿದ್ರೆ ಸಂಡಿಗೆ ಮುಗ್ಗು ಹಿಡಿತೈತೆ.”

“ಯಾರು ಹಾಕ್ತಾರೆ?”

“ಹಾಕ್ತಾರೆ, ನಮ್ಮನೆಯಾಗೆ” ಎಂದರು ನೆಲ ನೋಡುತ್ತ.

ಗಂಟೆ ಹೊಡೆಯಿತು. ಎಲ್ಲರೂ ಎದ್ದು ಕುರ್ಚಿ ಎಳೆದರು. ಆ ಗದ್ದಲದಲ್ಲಿ ಹೊನ್ನಮ್ಮನ ಕಡೆ ತಿರುಗಿದೆ. ಅವಳು ಗಂಡನನ್ನೇ ನೋಡುತ್ತಿದ್ದಳು. ಅವಳು ಹಾಗೆ ನೋಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಈಗ ಅವಳ ಸರದಿ. ಸೆರಗು ಹೊದ್ದು ಮುಂದೆ ಬಂದು ನಿಂತಳು.

“ನೀನೂ ತಳ್ಳಿದ್ಯಾ ಹೊನ್ನಮ್ಮ?”

“ತಳ್ಳಿದೀನಿ. ದಿನಾ ಸಂಜೆ.”

ಗುಮಾಸ್ತರು ಬರೆಯತೊಡಗಿದರು. ನಾನು ಮನಸ್ಸಿನಲ್ಲೇ ಆಟೋ ಹತ್ತಿ ಕೂತೆ. ಅಷ್ಟರಲ್ಲಿ ಓಬಳೇಶ, ಹಾಳಾದ ಪ್ರಾಮಾಣಿಕ, ಮೂಲೆಯಿಂದ ಕೈ ಎತ್ತಿದ.

“ಅಮ್ಮಾರೆ, ಬೆಳಿಗ್ಗೆ ಅವರು ಕಂಬದ ತನಕ ತಳ್ಳಿ, ಸಂಜೆ ಇವರು ಇನ್ನೂ ಮುಂದಕ್ಕೆ ತಳ್ಳಿದ್ರೆ, ಗಾಡಿ ಇಷ್ಟೊತ್ತಿಗೆ ಊರ ಹೊರಗೆ ಇರ್ಬೇಕಿತ್ತು. ನಾನು ನಸುಕಿಗೆ ನೋಡ್ದಾಗೆಲ್ಲ ಬಾಗಿಲ ಮುಂದೇ ಇತ್ತು.”

ನೀಲಮ್ಮನವರು ಅಗಿಯುವುದನ್ನು ನಿಲ್ಲಿಸಿದರು. “ಹೊನ್ನಮ್ಮ, ನೀನು ತಳ್ಳಿದ್ದು ಮುಂದಕ್ಕೋ ಹಿಂದಕ್ಕೋ?”

“ಹಿಂದಕ್ಕೆ” ಅಂದಳು ಹೊನ್ನಮ್ಮ.

ಸಭೆಯಲ್ಲಿ ಯಾರೋ ನಕ್ಕರು. ನಾನು ಪಕ್ಕದವರ ಕುರ್ಚಿ ಹಿಡಿದುಕೊಂಡೆ. ಬೆಳಿಗ್ಗೆ ಗಂಡ ಮುಂದಕ್ಕೆ, ಸಂಜೆ ಹೆಂಡತಿ ಹಿಂದಕ್ಕೆ. ರಾತ್ರಿ ಪೂರ್ತಿ ನನ್ನ ಗಾಡಿ ಅದೇ ಗೆರೆಯ ಮೇಲೆ. ಇಬ್ಬರ ಮಾತು ಕೂಡಲೇ ಇಲ್ಲ. ಸಂಜೆ ಮನೆಗೆ ಬಂದ ಮುರಿಗೆಪ್ಪಣ್ಣ ಗಾಡಿ ಹಿಂದೆ ಬಂದಿರುವುದನ್ನು ಕಂಡು ಬೀದಿಯ ಹುಡುಗರನ್ನು ಬೈದುಕೊಂಡಿದ್ದರಂತೆ. ಗಾಡಿ ಕಂಬಕ್ಕೆ ಹೋಗಿರುವುದನ್ನು ಕಂಡು ಹೊನ್ನಮ್ಮ ಹಾಲಿನವನನ್ನು ಬೈದುಕೊಂಡಿದ್ದಳಂತೆ. ಮಾತಾಡುವ ಗಂಡಹೆಂಡಿರಾಗಿದ್ದರೆ ಒಂದೇ ದಿನಕ್ಕೆ ಬಗೆಹರಿಯುವ ವಿಷಯ.

“ಹಿಂದಕ್ಕೆ ಯಾಕಮ್ಮ?” ನೀಲಮ್ಮನವರ ದನಿಯಲ್ಲಿ ಸಿಟ್ಟಿರಲಿಲ್ಲ, ಸೋಜಿಗವಿತ್ತು.

“ಕಂಬದ ಹತ್ರ ನಿಂತ್ರೆ ನಮ್ಮ ಕಿಟಕಿಗೆ ಅಡ್ಡ ಆಗ್ತಿತ್ತು.”

“ಕಿಟಕಿಯಿಂದ ಏನು ನೋಡ್ತೀಯ?”

ಹೊನ್ನಮ್ಮ ಸೆರಗಿನ ತುದಿ ಹಿಡಿದುಕೊಂಡಳು. ಆಮೇಲೆ ಒಮ್ಮೆಲೇ ಹೇಳಿಬಿಟ್ಟಳು. “ಗಿರಣಿ ಮುಚ್ಚಿ ಬರೋ ದಾರಿ ಕಾಣ್ತೈತೆ ಅಲ್ಲಿಂದ. ಅವರಿಗೆ ಕತ್ತಲಾದ್ರೆ ಕಣ್ಣು ಮಂಜು. ಆ ತಿರುವಿನಾಗೆ ಚರಂಡಿ ಕಲ್ಲು ಕಿತ್ತೈತೆ. ದಾಟಿ ಬರೋದು ಕಾಣೋ ತನಕ ನಂಗೆ ಒಲೆ ಮುಂದೆ ಕೂರಾಕೆ ಆಗಲ್ಲ.”

ಈಗ ಯಾರೂ ನಗಲಿಲ್ಲ. ಗಂಟೆ ಹೊಡೆಯುವ ಹೊತ್ತಾಗಿತ್ತು, ಜವಾನನಿಗೆ ಅದರ ನೆನಪೇ ಇರಲಿಲ್ಲ. ಮುರಿಗೆಪ್ಪಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಹಿಟ್ಟಿನ ಧೂಳು ಅಂತ ಅಂದುಕೊಳ್ಳೋಣ ಅಂದರೆ ಅವರು ಅವತ್ತು ತಲೆಸ್ನಾನ ಮಾಡಿ ಬಂದಿದ್ದರು.

ನೀಲಮ್ಮನವರು ಒಳ್ಳೆಯ ಹೆಂಗಸು, ಅದನ್ನು ಒಪ್ಪಿಕೊಳ್ಳಬೇಕು. ನನ್ನ ಕಡೆ ನೋಡಿದರು. ನನ್ನ ಕಣ್ಣಲ್ಲಿ ಇನ್ನೂ ಸ್ವಲ್ಪ ಹಳದಿ ಉಳಿದಿತ್ತು. ಅದು ಕಂಡಿರಬೇಕು ಅವರಿಗೆ.

“ಗುಮಾಸ್ತರೆ, ಪೆನ್ನು ಕೆಳಗಿಡ್ರಿ. ಹಿಂದಕ್ಕೆ ಅಂತ ಇನ್ನೂ ಬರ್ದಿಲ್ಲ ತಾನೆ? ಹೊನ್ನಮ್ಮ, ಈ ಮನುಷ್ಯನಿಗೆ ಆ ಗಾಡಿ ಬಿಟ್ರೆ ಅನ್ನದ ದಾರಿ ಇಲ್ಲ. ವಯಸ್ಸಾದ ಮೇಲೆ ನಮಗೆಲ್ಲ ಮರೆವು. ನೀನು ಯೋಚ್ನೆ ಮಾಡಿ ಹೇಳು. ದಿನಾ ಮುಂದಕ್ಕೇ ತಳ್ಳಿರ್ಬೇಕು. ಕಿಟಕಿ ಗಿಟಕಿ ಎಲ್ಲ ನಿನ್ನ ಮನಸ್ಸಿನ ಕಲ್ಪನೆ ಇರ್ಬೇಕು. ಹಂಗೆ ಹೇಳಿದ್ರೆ ಚೀಟಿ ವಜಾ. ಓಬಳೇಶ, ನೀನು ಬಾಯಿ ಮುಚ್ಕೊಂಡಿರು.”

ಹೊನ್ನಮ್ಮನಿಗೆ ಅರ್ಥವಾಯಿತು. ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ನನ್ನ ಬಗ್ಗೆ ಕನಿಕರ ತುಂಬಿತ್ತು. ಸುಳ್ಳು ಹೇಳಲು ಅವಳು ಸಿದ್ಧಳಾದಳು, ನನಗೆ ಸ್ಪಷ್ಟವಾಗಿ ಕಂಡಿತು. ಹೇಳು ತಾಯಿ, ಹೇಳು ಎಂದು ನನ್ನ ಒಳಗೆ ಒಬ್ಬ ಕೂಗುತ್ತಿದ್ದ. ಸ್ಕೂಲ್ ಮಕ್ಕಳು ಕಣ್ಣ ಮುಂದೆ ಬಂದರು. ಸಿದ್ದಮ್ಮ ಬಂದಳು. ಖಾಲಿ ಡಬ್ಬಗಳು ಬಂದವು.

ಆದರೆ ಅದೇ ಹೊತ್ತಿಗೆ ಮುರಿಗೆಪ್ಪಣ್ಣನೂ ಕಣ್ಣಿಗೆ ಬಿದ್ದರು. ಟವೆಲ್ಲನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಿದ್ದರು. ಹೆಂಡತಿಯ ಬಾಯಿಂದ ಇಷ್ಟು ವರ್ಷಗಳ ಮೇಲೆ ಅವರಿಗೆ ಸಿಕ್ಕಿದ್ದು ಅದೊಂದೇ ಮಾತು. ಈಗ ಅವಳು ಅದನ್ನು ಊರೆಲ್ಲರ ಎದುರು ಸುಳ್ಳು ಅನ್ನಬೇಕು. ಕಿಟಕಿಯಿಂದ ನಾನು ಯಾರನ್ನೂ ಕಾಯುತ್ತಿರಲಿಲ್ಲ ಅನ್ನಬೇಕು. ಅವರು ಬೇಡ ಅನ್ನಲಿಲ್ಲ. ನನ್ನ ಸಲುವಾಗಿ ತುಟಿ ಬಿಗಿಹಿಡಿದು ನಿಂತಿದ್ದರು ಆ ಪುಣ್ಯಾತ್ಮ.

“ಮುಂ...” ಎಂದಳು ಹೊನ್ನಮ್ಮ.

“ಹಿಂದಕ್ಕೇ ಅಮ್ಮಾರೆ” ಅಂದೆ ನಾನು. “ಅವರು ಮೊದ್ಲು ಹೇಳಿದ್ದೇ ಖರೆ. ಬರ್ಕೊಳ್ಳಿ.”

ನಾನು ದೊಡ್ಡ ಮನಸ್ಸಿನವನು ಅಂತ ಯಾರೂ ತಿಳಿಯಬಾರದು. ಬಾಯಿಂದ ಬಿದ್ದ ತಕ್ಷಣ ನಾಲಿಗೆ ಕಚ್ಚಿಕೊಂಡೆ. ಗುಮಾಸ್ತರು ನಿಧಾನವಾಗಿ ಬರೆಯುವ ಮನುಷ್ಯ, ಅವರು ಪೆನ್ನಿನ ಮುಚ್ಚಳ ತೆಗೆಯುವವರೆಗೂ ಯಾರಾದರೂ ತಡೆಯಲಿ ಅಂತ ಕಾದೆ. ಯಾರೂ ತಡೆಯಲಿಲ್ಲ. ಆಗ ಜವಾನನಿಗೆ ಗಂಟೆಯ ನೆನಪಾಯಿತು. ಎಲ್ಲರೂ ಎದ್ದು ಕುರ್ಚಿ ಎಳೆದರು.

ಮನೆಗೆ ನಡೆದೇ ಹೋದೆ. ಗಂಡಹೆಂಡಿರು ನನ್ನ ಮುಂದೆ ಹೋಗುತ್ತಿದ್ದರು. ಹೊನ್ನಮ್ಮ ಮಾತಾಡುತ್ತಲೇ ಇದ್ದಳು. ದೊಡ್ಡ ಮಾತೇನಲ್ಲ. ಹೋದ ವರ್ಷ ಸತ್ತ ಎಮ್ಮೆಯ ವಿಷಯ, ಮೊಮ್ಮಗಳ ಹಲ್ಲಿನ ವಿಷಯ, ಗಿರಣಿಯ ಬೆಲ್ಟು ಬದಲಾಯಿಸುವ ವಿಷಯ. ರುಬ್ಬುಗುಂಡಿನ ವಿಷಯ ಬಂದಾಗ ಮಾತ್ರ ದನಿ ಏರಿತು, ದಾರಿಯಲ್ಲೇ ನಿಂತು ಚೆನ್ನಾಗಿ ಬೈದಳು. ಮುರಿಗೆಪ್ಪಣ್ಣ ಬೈಸಿಕೊಂಡರು. ಹೂಂ, ತಪ್ಪಾಯ್ತು, ತಪ್ಪಾಯ್ತು ಅನ್ನುತ್ತಿದ್ದರು. ಹಿಂದೆ ನಾನೊಬ್ಬ ಇದ್ದೇನೆ ಅನ್ನುವುದು ಇಬ್ಬರಿಗೂ ಮರೆತೇಹೋಗಿತ್ತು. ನನಗೆ ಸಂಕಟವಾಯಿತು. ನನ್ನ ಗಾಡಿ ಕೊಟ್ಟು ಕೊಂಡ ಮಾತು ಅದು, ಒಂದು ಸಲವಾದರೂ ತಿರುಗಿ ನೋಡಬಾರದೇ ಅನ್ನಿಸಿತು.

ಸಿದ್ದಮ್ಮನಿಗೆ ಎಲ್ಲ ಹೇಳಿದೆ. ಕೇಳಿಕೊಂಡಳು. “ನಿನ್ನ ಬಾಯಿಗೆ ಇಷ್ಟು ಮಣ್ಣು ಹಾಕ” ಅಂದಳು. ಆಮೇಲೆ, “ಸಂಡಿಗೆಗೆ ಬಿಸಿಲು ಬೀಳ್ಲಿ ಅಂತ ಅಂದ್ರಾ ಅವರು?” ಎಂದು ಕೇಳಿದಳು. ಹೂಂ ಅಂದೆ. ಅವಳು ಮತ್ತೆ ಬೈಯಲಿಲ್ಲ. ನಾಳೆಯಿಂದ ಏನು ಮಾಡುವುದು ಎಂದು ನಾವಿಬ್ಬರೂ ಮಾತಾಡಲೂ ಇಲ್ಲ.

ಎಲೆ ಬಿಚ್ಚುವ ಮುಂಚೆ ಗಾಡಿಯಿಂದ ಬಿಚ್ಚಬಹುದಾದ್ದನ್ನು ಬಿಚ್ಚಿಕೊಂಡು ಹೋಗಲು ಪುರಸಭೆ ಬಿಡುತ್ತದೆ. ಮರುದಿನ ಬೆಳಿಗ್ಗೆ ಚೀಲ ತೆಗೆದುಕೊಂಡು ಹೋದೆ. ಮೀಟರು, ಕನ್ನಡಿ, ಸೀಟಿನ ಮೆತ್ತೆ, ಸ್ಕೂಲ್ ಮಕ್ಕಳು ಬಿಟ್ಟುಹೋದ ಒಂದು ನೀರಿನ ಬಾಟಲಿ, ದೇವರ ಪಟ ಎಲ್ಲ ತೆಗೆದೆ. ಬೇರು ಆಗಲೇ ತೋಳಿನಷ್ಟು ದಪ್ಪವಾಗಿತ್ತು. ಡ್ರೈವರ್ ಸೀಟಿನ ಜಾಗದಲ್ಲಿ ಬರಿಯ ತಗಡಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಹ್ಯಾಂಡಲ್ಲು ಆಗಲೇ ತಿರುಗುತ್ತಿರಲಿಲ್ಲ. ಸುಮ್ಮನೆ ಹಾರನ್ನು ಒತ್ತಿದೆ. ಅದಿನ್ನೂ ಗಟ್ಟಿಯಾಗಿತ್ತು, ಬೀದಿ ತುಂಬ ಕೂಗಿತು.

“ಯಾರದು?” ಎಂದು ಮನೆಯೊಳಗಿಂದ ಮುರಿಗೆಪ್ಪಣ್ಣ ಕೂಗಿದರು. ಅದೇ ಹೊತ್ತಿಗೆ ಹೊನ್ನಮ್ಮನೂ “ಯಾರದು?” ಎಂದು ಕೂಗಿದಳು. ಎರಡು ದನಿಯೂ ಒಟ್ಟಿಗೇ ಬಂದವು.

“ನಾನೇ, ಹಾಲಪ್ಪ” ಅಂದೆ. ನನ್ನ ಗಾಡಿ ಹೋಯಿತು ಅಂತ ಅಳು ಬಂದದ್ದು ಆಗ.